ಮಾವ ಹುಡುಕಿದ ಹೆಸರು

ಮಾರ್ಚ್ ೧೨, ಗುರುವಾರ

ನನ್ನ ಮಗಳಿಗೆ ನಾನು ಆರಿಸಿದ ಹೆಸರನ್ನು ಮಾವ ತಳ್ಳಿಹಾಕಿದರು. ಅದು ಅವರ ಮುತ್ತಜ್ಜನ ಹೆಸರಂತೆ. ಮಗುವನ್ನು ಗದರಿದರೆ ಹಿರಿಯರನ್ನೇ ಗದರಿದ ಹಾಗಂತೆ. ಆಮೇಲೆ ಮೂರು ದಿನ ಹಳೇ ಚೀನೀ ಕಾವ್ಯಗಳನ್ನೆಲ್ಲ ತಿರುವಿ ತಾವೇ ಹುಡುಕಿದ್ದು 'ಜಿಂಗ್'. ಮೌನ ಅಂತ ಅರ್ಥ. ತೀರಿಹೋದ ನನ್ನ ಅಮ್ಮನ ಹೆಸರು!

"ಅದು ನಮ್ಮಮ್ಮನ ಹೆಸರು, ಮಾವ."

"ನಿಮ್ಮ ಕಡೆಯವರನ್ನೆಲ್ಲ ಯಾರಮ್ಮಾ ಲೆಕ್ಕಕ್ಕಿಡ್ತಾರೆ?" ಅಂದರು, ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ.

ಗಂಡ ಗಂಜಿಯ ಬಟ್ಟಲಿನಿಂದ ತಲೆ ಎತ್ತಲಿಲ್ಲ. ಹೇಡಿ.

ಮಧ್ಯಾಹ್ನ ಮನೆಮಂದಿಯ ಹೆಸರಿರುವ ನೋಂದಣಿ ಪುಸ್ತಕ ಎತ್ತಿಕೊಂಡು ಸರ್ಕಾರಿ ಕಚೇರಿಗೆ ನಾನೇ ಹೋದೆ. ಮಗುವಿನ ಹೆಸರು 'ರುನ್' ಅಂತ ಬರೆಸಿ ಬಂದೆ. ಅದೂ ಹಳೇ ಕಾವ್ಯದ್ದೇ. ಮಾವನ ಸ್ವಂತ ಹೆಸರು.

ಇನ್ನೂ ಯಾರಿಗೂ ಹೇಳಿಲ್ಲ. ನಾಳೆ ಮಗು ಅಳಲಿ. "ರುನ್, ಬಾಯಿ ಮುಚ್ಚು!" ಅಂತ ಅವರೆದುರಿಗೇ ಗದರುತ್ತೇನೆ.