ಕೆಳಗೆ ಪಾತ್ರೆ ಇರಲಿಲ್ಲ

ಭಾನುವಾರ, ಬೆಳಿಗ್ಗೆ

ಪ್ರೀತಿಯ ಅಮ್ಮನಿಗೆ,

ಈ ದಿನ ಎದ್ದು ಅಡುಗೆಮನೆಗೆ ಬಂದರೆ ಸಿಂಕಿನ ತೂತಿನಿಂದ ಚಕ್ರಮೊಗ್ಗಿನ ವಾಸನೆ ಬರುತ್ತಿತ್ತು. ಬಿಸಿನೀರು ಬಿಟ್ಟೆ, ಹೋಗುವ ಬದಲು ಇನ್ನಷ್ಟು ಎದ್ದು ಬಂತು. ನಮ್ಮ ಹಳೆಯ ಪೈಪಿಗೆ ಇಷ್ಟು ಒಳ್ಳೆಯ ಊಟ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ.

"ಇಲ್ಲಿನ ಶಾಲೆಯ ಲೈಬ್ರರಿಯಲ್ಲಿ ಕೆಲಸವಿದೆ, ಹದಿನೈದು ದಿನದೊಳಗೆ ಒಪ್ಪಿಗೆ ಕಳಿಸು, ಬಂದು ನನ್ನ ಜೊತೆಗೇ ಇರು" ಎಂದು ನೀನು ಬರೆದು ಹತ್ತು ದಿನವಾಯಿತು. ಕೆಲಸ ನನಗೆ ಬೇಕು. ಅಪ್ಪನನ್ನು ಒಬ್ಬರನ್ನೇ ಬಿಟ್ಟು ಬರುವುದು ಹೇಗೆಂದು ತಿಳಿಯದೆ ಉತ್ತರ ತಡವಾಯಿತು. ಅವರಿಗೆ ವಿಷಯವನ್ನೇ ಹೇಳಿರಲಿಲ್ಲ.

ನೀನು ಮನೆ ಬಿಟ್ಟ ಈ ಎಂಟು ತಿಂಗಳಲ್ಲಿ, ನಿನ್ನೆಯವರೆಗೆ, ಬಸ್ ನಿಲ್ದಾಣದ ಹಿಂದಿನ ವಿಯೆಟ್ನಾಂ ಹೋಟೆಲಿಗೆ ನಾವು ಹೋಗಿದ್ದು ಒಂದೇ ಸಲ. ನೀನಿದ್ದಾಗ ಪ್ರತಿ ಶನಿವಾರ ಅಲ್ಲಿ ಫೋ ಎಂಬ ನೂಡಲ್ಸ್ ಸೂಪು. ನಾವು ಕುರ್ಚಿ ಎಳೆಯುವ ಮೊದಲೇ ನೀನು "ಮೂರು ಫೋ, ಒಂದಕ್ಕೆ ಕೊತ್ತಂಬರಿ ಬೇಡ" ಎಂದಿರುತ್ತಿದ್ದೆ. ಆ ಸಲ ಅಪ್ಪ ಗೋಡೆಯ ಕ್ಯಾಲೆಂಡರ್ ಓದಿದರು, ನಾನು ಸಾಸ್ ಬಾಟಲಿಯ ಚೀಟಿ ಓದಿದೆ. ಕಾಲು ಗಂಟೆಯಾಯಿತು. ನೀನು 'ದೊಡ್ಡ ಸೌಟು' ಎಂದು ಹೆಸರಿಟ್ಟ ಮಾಲಕಿ ಸೊಂಟದ ಮೇಲೆ ಕೈಯಿಟ್ಟು ಬಂದರು. "ಏನ್ ಬೀಗದಂಗಡಿ ಸಾಹುಕಾರ್ರೇ, ಬಾಯಿಗೂ ಒಂದು ಬೀಗ ಹಾಕ್ಕೊಂಡು ಬಂದ್ರಾ?" ನಾನು ಎರಡು ಬೆರಳು ತೋರಿಸಿದೆ. ಕೊತ್ತಂಬರಿ ಬೇಡವೆನ್ನಲು ಬಾಯಿ ಬರಲಿಲ್ಲ. ಎಲೆಗಳನ್ನೆಲ್ಲ ಒಂದೊಂದಾಗಿ ಆರಿಸಿ ಅಂಚಿಗಿಟ್ಟು ಸೂಪು ಕುಡಿದೆ.

ಹೋದ ವಾರ ಆಕೆ ದಾರಿಯಲ್ಲಿ ಸಿಕ್ಕು ನನ್ನ ಕೈ ಹಿಡಿದು ನಿಲ್ಲಿಸಿದರು. "ನಿಮ್ಮಪ್ಪ ಮೊನ್ನೆ ಹಿಂಬಾಗಿಲ ಬೀಗ ನೋಡ್ತೀನಿ ಅಂತ ಬಂದ್ರು ಕಣಮ್ಮ. ಆ ಬೀಗಕ್ಕೆ ಏನೂ ಆಗಿಲ್ಲ! ಅರ್ಧ ಗಂಟೆ ತಿರುಗ್ಸಿ ತಿರುಗ್ಸಿ ನೋಡಿದ್ರು. ಆಮೇಲೆ ಬೀಗದ ಕಡೆಗೇ ಮುಖ ಮಾಡ್ಕೊಂಡು, ಸೂಪು ಹೇಗ್ ಮಾಡೋದು ಅಂತ ಕೇಳಿದ್ರು. ನಾನು ಬೀಗಾನೇ ಮಾತಾಡ್ತೇನೋ ಅಂದ್ಕೊಂಡೆ!"

ನಾನು ನಗಲಿಲ್ಲ ಅಮ್ಮ. ಅಪ್ಪ ಯಾರನ್ನಾದರೂ ಏನನ್ನಾದರೂ ಕೇಳಿದ್ದು ನಮ್ಮಿಬ್ಬರಲ್ಲಿ ಯಾರಿಗಾದರೂ ನೆನಪಿದೆಯೇ?

ನಿನ್ನೆ ಅವರು ಅಂಗಡಿ ತೆರೆಯಲಿಲ್ಲ. ಬೆಳಿಗ್ಗೆ ಆರಕ್ಕೇ ಈರುಳ್ಳಿ, ಶುಂಠಿಯನ್ನು ಉರಿಯ ಮೇಲೆ ಕಪ್ಪಾಗುವಷ್ಟು ಸುಟ್ಟರು. ಚಕ್ಕೆ, ಲವಂಗ, ಚಕ್ರಮೊಗ್ಗು ಹುರಿದರು. ಕೋಳಿ ಮೂಳೆಗಳನ್ನು ಸಣ್ಣ ಉರಿಯಲ್ಲಿಟ್ಟು, ಪಕ್ಕದಲ್ಲೇ ಸ್ಟೂಲು ಹಾಕಿ ಕೂತು, ಮೇಲೆ ಬಂದ ನೊರೆಯನ್ನು ಚಮಚದಲ್ಲಿ ತೆಗೆದರು. ತುಕ್ಕು ಹಿಡಿದ ಬೀಗಕ್ಕೆ ಎಣ್ಣೆ ಬಿಟ್ಟು ಕಾಯುವಾಗಿನ ಅದೇ ಮುಖ. ಮಧ್ಯಾಹ್ನದ ಹೊತ್ತಿಗೆ ಬಾಗಿಲ ಬಳಿಯ ಚಪ್ಪಲಿಗೂ ಆ ಘಮ ಹತ್ತಿತ್ತು. ಒಂದು ಚಮಚ ನನಗೆ ಕೊಟ್ಟು ಹುಬ್ಬೇರಿಸಿದರು. ತಿಳಿಯಾಗಿ, ಹೊಂಬಣ್ಣವಾಗಿ, ಮೊದಲು ಮೂಗಿಗೆ ಬಂದು ಆಮೇಲೆ ನಾಲಿಗೆಗೆ ಇಳಿಯುವ ಸೂಪು. ಹೋಟೆಲಿನದ್ದೇ.

ಇನ್ನು ಸೋಸುವುದು. ಈ ಅಡುಗೆಮನೆಯಲ್ಲಿ ಅಪ್ಪನಿಗೆ ನೀನು ಕೊಟ್ಟಿದ್ದ ಕೆಲಸ ಒಂದೇ: "ಪಾತ್ರೆ ಭಾರ, ನೂಡಲ್ಸ್ ನೀರು ನೀವು ಬಸೀರಿ." ಇಪ್ಪತ್ತು ವರ್ಷದ ಕೈ ರೂಢಿ. ಸಿಂಕಿನಲ್ಲಿ ಜರಡಿ ಇಟ್ಟರು, ಪಾತ್ರೆ ಎತ್ತಿದರು.

ಜರಡಿಯ ಕೆಳಗೆ ಏನೂ ಇಲ್ಲದ್ದನ್ನು ನಾನು ನೋಡಿದೆ ಅಮ್ಮ. ಅವರು ಪಾತ್ರೆ ಬಾಗಿಸುವ ಮೊದಲೇ ನೋಡಿದೆ. 'ಅಪ್ಪಾ' ಎನ್ನಲು ಬಾಯಿ ತೆರೆದೆ. ಏನೋ ಯೋಚಿಸಿಯೇ ಮಾಡುತ್ತಿರಬಹುದು, ನಾನು ಹೇಗೆ ಹೇಳಲಿ ಎಂದುಕೊಳ್ಳುವಷ್ಟರಲ್ಲಿ ಆರು ತಾಸು ಕುದಿದ ಸೂಪು ಗುಳುಗುಳು ಎನ್ನುತ್ತ ಪೈಪಿಗೆ ಇಳಿಯಿತು. ಜರಡಿಯಲ್ಲಿ ಮೂಳೆಗಳು ಉಳಿದವು.

ಅಪ್ಪ ಖಾಲಿ ಪಾತ್ರೆ ಹಿಡಿದು ನಿಂತರು. ಕನ್ನಡಕದ ತುಂಬ ಆವಿ. "ನಿಮ್ಮಮ್ಮ ಇದ್ದಿದ್ರೆ ಕೂಗಿ ಹೇಳ್ತಿದ್ಲು," ಎಂದರು. ಪಾತ್ರೆ ಕೆಳಗಿಟ್ಟು, "ಅದನ್ನೇ ನಾನು ಗಲಾಟೆ ಅಂತಿದ್ದೆ."

ನಾನು ಒಪ್ಪಿಕೊಂಡೆ. "ನಾನು ನೋಡ್ದೆ ಅಪ್ಪಾ. ಹೇಳ್ಲಿಲ್ಲ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅನುಮಾನಾನೇ ಇಲ್ಲ, ನೀನು ನನ್ನ ಮಗಳೇ." ಆಮೇಲೆ ಇಬ್ಬರಿಗೂ ನಗು ಬಂತು. ನಿಲ್ಲಿಸಲು ಆಗಲಿಲ್ಲ.

ಹೊಟ್ಟೆ ಚುರುಗುಟ್ಟುತ್ತಿತ್ತು, ಹೋಟೆಲಿಗೇ ಹೋದೆವು. ಅಪ್ಪ ಕೂರುವ ಮೊದಲೇ "ಎರಡು ಫೋ! ಒಂದಕ್ಕೆ ಕೊತ್ತಂಬರಿ ಬೇಡ!" ಎಂದರು. ಎಷ್ಟು ಜೋರಾಗಿ ಎಂದರೆ ಆಚೆ ಟೇಬಲ್ಲಿನವರು ಚಮಚ ಕೆಳಗಿಟ್ಟರು. ದೊಡ್ಡ ಸೌಟು ಒಳಗಿನಿಂದಲೇ "ಕೇಳಿಸ್ತು ಮಹರಾಯ, ಕಿವಿ ಇದೆ ನಂಗೆ!" ಎಂದರು.

ನಿಂಬೆ ಹಿಂಡಿ, ಮೊಳಕೆಕಾಳು ಮುಳುಗಿಸಿ, ಮೊದಲ ತುತ್ತು ನುಂಗಿದ ಮೇಲೆ ಕೆಲಸದ ವಿಷಯ ಹೇಳಿದೆ. ನೇರವಾಗಿ, ಬಟ್ಟಲು ನೋಡದೆ. ಅಪ್ಪ ನೂಡಲ್ಸ್ ಎತ್ತಿದ ಕಡ್ಡಿಗಳನ್ನು ಹಾಗೇ ಹಿಡಿದು, "ಹೋಗಬೇಕು ಅನ್ಸುತ್ತಾ?" ಎಂದು ಕೇಳಿದರು. ಹೌದು ಎಂದೆ. ಅವರ ಕಣ್ಣು ಕೆಂಪಾಗಿತ್ತು, ಮೆಣಸಿನಕಾಯಿ ಎಂದರು. ಬಟ್ಟಲಲ್ಲಿ ಮೆಣಸಿನಕಾಯಿ ಹಾಕಿಕೊಂಡಿರಲಿಲ್ಲ. ಆಮೇಲೆ, "ಬಾಗಿಲು ಗಟ್ಟಿ ಇರೋ ರೂಮ್ ನೋಡ್ಕೋ. ಚಿಲಕ ನಾನೇ ಬಂದು ಹಾಕ್ಕೊಡ್ತೀನಿ."

ರೂಮ್ ಎಂದರು, ನಿನ್ನ ಮನೆ ಎನ್ನಲಿಲ್ಲ. ಯೋಚಿಸಿದರೆ ಅದೇ ಸರಿ. ನಿನ್ನ ಜೊತೆಗಿದ್ದರೆ ನನ್ನ ಬಟ್ಟಲಿನ ಕೊತ್ತಂಬರಿಯನ್ನು ಮತ್ತೆ ನೀನೇ ಬೇಡವೆನ್ನುತ್ತೀಯ. ಒಪ್ಪಿಗೆ ಪತ್ರವನ್ನು ಇದರ ಜೊತೆಗೇ ಅಂಚೆಗೆ ಹಾಕುತ್ತೇನೆ. ಬೇಸರ ಮಾಡಿಕೊಳ್ಳಬೇಡ. ರೂಮು ಶಾಲೆಗೂ ನಿನ್ನ ಮನೆಗೂ ನಡೆಯುವಷ್ಟು ಹತ್ತಿರವಿರಲಿ, ಹುಡುಕಿಕೊಡುತ್ತೀಯಲ್ಲ?

ಪ್ರೀತಿಯಿಂದ,
ನಿನ್ನ ಮಗಳು

ತಾ.ಕ.: ಒಂದು ತಪ್ಪು ಒಪ್ಪಿಕೊಳ್ಳಬೇಕು. ಈ ಎಂಟು ತಿಂಗಳ ನನ್ನ ಪತ್ರಗಳಲ್ಲಿ "ಅಪ್ಪ ನಿನ್ನ ಆರೋಗ್ಯ ಕೇಳಿದರು" ಎಂದಿರುವುದೆಲ್ಲ ನಾನೇ ಸೇರಿಸಿದ್ದು. ನಿನ್ನ ಪತ್ರಗಳನ್ನು ಅವರಿಗೆ ಓದಿ ಹೇಳುವಾಗಲೂ ಸಿಟ್ಟಿನ ಸಾಲು ಬಿಟ್ಟು, ನೀನು ಬರೆಯದ ಒಂದೆರಡು ಸಾಲು ಓದುತ್ತಿದ್ದೆ. ಈ ಪತ್ರದಲ್ಲಿ ಅವರು ಹೇಳಿದ್ದೆಲ್ಲ ಅವರದೇ ಮಾತು. ಇನ್ನು ಮುಂದೆ ನಾನು ಏನನ್ನೂ ಸೇರಿಸುವುದಿಲ್ಲ, ಬಿಡುವುದೂ ಇಲ್ಲ. ಕೇಳುವುದಿದ್ದರೆ ಅವರನ್ನೇ ಕೇಳು.