ತಟ್ಟಿಸಿಕೊಂಡವರೇ ‘ಖೋ’ ಎನ್ನಲಿ

ತಾಲ್ಲೂಕಿನ ಶಾಲಾ ಕ್ರೀಡಾಕೂಟಗಳನ್ನು ನಡೆಸಿಕೊಡುವ ಮಾನ್ಯ ಅಧಿಕಾರಿಗಳೇ,

ಹೋಬಳಿ ಮಟ್ಟದ ಖೋ ಖೋ ಪಂದ್ಯದಿಂದ ನನ್ನ ಮಗಳು ಮೋನಿಷಾಳನ್ನು ಅರ್ಧದಲ್ಲೇ ಹೊರಗೆ ಕಳಿಸಿದಿರಿ. ಆರನೇ ತರಗತಿಯ ಈ ಹುಡುಗಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತು ಬಾರದು. ಅವಳ ಅಪರಾಧವೆಂದರೆ, ಕೂತವಳ ಬೆನ್ನು ತಟ್ಟಿಯೂ ‘ಖೋ’ ಎಂದು ಕೂಗದಿದ್ದುದು. ನಿಯಮದಂತೆ ಅದು ಫೌಲ್, ಒಪ್ಪಿದೆ. ಆದರೆ ನಿಯಮ ಬರೆದವರ ಕಣ್ಣಿಗೆ ಇಂಥ ಮಕ್ಕಳು ಬೀಳಲೇ ಇಲ್ಲ ಎಂಬುದಕ್ಕೂ ಅವಳೇ ಹೊಣೆಯೇ?

ನಮ್ಮ ಬೀದಿಯ ಮಕ್ಕಳು ಈ ಸಮಸ್ಯೆಯನ್ನು ಎಂದೋ ಬಗೆಹರಿಸಿದ್ದಾರೆ, ಯಾವ ಸಮಿತಿಯನ್ನೂ ರಚಿಸದೆ. ಸಂಜೆ ದೊಡ್ಡವರು ರೇಷ್ಮೆ ಹುಳುವಿಗೆ ಸೊಪ್ಪು ಹಾಕಲು ಹೋದರೆ ಬೀದಿ ಪೂರ್ತಿ ಮಕ್ಕಳದೇ. ಮೊದಮೊದಲು ಇವಳು ಜಗಲಿಯಲ್ಲಿ ಕೂತು ನೋಡುತ್ತಿದ್ದಳು. ಒಂದು ದಿನ ಪಕ್ಕದ ಮನೆಯ ಆಯಿಷಾ ಬಂದು ಕೈ ಹಿಡಿದು ಎಳೆದಳು.

“ಇವ್ಳು ತಟ್ಟುದ್ರೆ ತಟ್ಟಿಸ್ಕೊಂಡೋರೇ ಖೋ ಅನ್ಬೇಕು ಕಣ್ರೇ. ಅನ್ದೆ ಎದ್ರೆ ಫೌಲು!”

ನಮ್ಮತ್ತೆ ಹನುಮಂತಮ್ಮನವರಿಗೆ ಗಾಬರಿ. “ಬಿದ್ದುಗಿದ್ದು ಬುಟ್ಟಾಳು ಕಣವ್ವಾ, ಮಗೀನ ಒಳಿಕ್ಕೆ ಕರ್ಕೋ” ಅಂದರು.

“ನಾವೂ ಬೀಳ್ತೀವಲ್ಲಜ್ಜಿ, ನಮ್ಮುನ್ನೂ ಒಸಿ ಒಳಿಕ್ಕೆ ಕರ್ಕೊಳಿ!” ಅಂದಳು ಆಯಿಷಾ.

ಶಾಲೆಯ ತಂಡದಲ್ಲಿರುವವರೂ ಇದೇ ಹುಡುಗಿಯರು; ಪಂದ್ಯದ ದಿನವೂ ತಮ್ಮ ಬೀದಿಯ ಕ್ರಮದಂತೆಯೇ ಆಡಿದರು. ಇವಳು ತಟ್ಟಿದಳು, ಆಯಿಷಾ ‘ಖೋ’ ಎಂದು ಕೂಗಿ ಎದ್ದಳು. ನಿಮ್ಮ ತೀರ್ಪುಗಾರರು ಸೀಟಿ ಊದಿದರು. “ಮಾತ್ ಬರ್ದಿರೋ ಮಗೀನ ಯಾಕ್ರೀ ಆಡುಸ್ತೀರಾ, ಪಾಪ” ಎಂದು ಶಾಲೆಯ ಪಿ.ಟಿ. ಮೇಷ್ಟ್ರನ್ನು ಗದರಿದರು.

ಪಾಪ ಎಂದ ಮೇಲೆ ಪರಿಹಾರವೂ ಬೇಕಲ್ಲ? ಕೂಡಲೇ ‘ವಿಶೇಷ ಮಕ್ಕಳಿಗೆ ಪ್ರತ್ಯೇಕ ಸ್ಪರ್ಧೆ’ ಎಂದು ಮೈಕಿನಲ್ಲಿ ಘೋಷಿಸಿ, ಬಕೆಟ್ಟಿಗೆ ಚೆಂಡು ಹಾಕಿಸಿದಿರಿ. ಸ್ಪರ್ಧಿ ಇವಳೊಬ್ಬಳೇ. ಎಂಥ ತುರುಸಿನ ಪೈಪೋಟಿಯೋ, ಪ್ರಥಮ ಬಹುಮಾನ ಇವಳಿಗೇ ಬಂತು! ಹಾರ ಹಾಕಿ ಫೋಟೊ ತೆಗೆಸಿದಿರಿ. ಅದರಲ್ಲಿ ನೀವು ನಗುತ್ತಿದ್ದೀರಿ. ಅವಳು ಪಕ್ಕದ ಅಂಕಣದಲ್ಲಿ ಇನ್ನೂ ಆಡುತ್ತಿರುವ ತನ್ನ ತಂಡವನ್ನು ನೋಡುತ್ತಿದ್ದಾಳೆ.

ತಂಡ ಗೆದ್ದಿತು. ಬರುವ ವಾರ ರಾಮನಗರದಲ್ಲಿ ತಾಲ್ಲೂಕು ಪಂದ್ಯ. “ಈ ಸಲ ಇವ್ಳುನ್ನ ಬುಟ್ಬುಡಿ ಮೇಡಂ, ಫೌಲ್ ಮೇಲೆ ಫೌಲ್ ಕೊಟ್ರೆ ಎಲ್ಲಾ ಮಕ್ಳುದೂ ಹೋಯ್ತದೆ” ಎಂದರು ಮೇಷ್ಟ್ರು. ಅವರ ಮೇಲೆ ಸಿಟ್ಟಾಗುವಷ್ಟು ತ್ರಾಣವೂ ನನಗೆ ಉಳಿದಿಲ್ಲ. ಬಿ.ಕಾಂ. ಓದಿದ್ದೇನೆ, ಮಗಳಿಗಾಗಿ ಕೈಸನ್ನೆಯ ಭಾಷೆಯನ್ನೂ ಕಲಿತಿದ್ದೇನೆ. ಆದರೂ ಒಂದು ಮಾತು ಹೊಳೆಯದೆ ನಿದ್ದೆಗೆಟ್ಟಿದ್ದೇನೆ. ‘ನಿನ್ನದೇನೂ ತಪ್ಪಿಲ್ಲ, ಆದರೂ ನೀನು ಬರಬೇಡ’ ಎನ್ನುವುದನ್ನು ಅವಳಿಗೆ ಹೇಗೆ ಹೇಳಬೇಕು? ತಾವೇ ಒಮ್ಮೆ ಬಂದು ಹೇಳಿ ಹೋಗುವಿರಾ?

ಅದು ಕಷ್ಟವೆನಿಸಿದರೆ ಸುಲಭದ್ದು ಒಂದಿದೆ. ಇವಳು ತಟ್ಟಿದಾಗ ತಟ್ಟಿಸಿಕೊಂಡವಳ ‘ಖೋ’ ಮಾನ್ಯವೆಂದು ಪಂದ್ಯಕ್ಕೆ ಮುಂಚೆಯೇ ತೀರ್ಪುಗಾರರಿಗೆ ಸೂಚನೆ ಕೊಡಿ. ಬೇರೆ ಯಾವ ರಿಯಾಯಿತಿಯೂ ಬೇಡ. ತಪ್ಪು ದಿಕ್ಕಿಗೆ ತಿರುಗಿದರೆ ಧಾರಾಳವಾಗಿ ಫೌಲ್ ಕೊಡಿ. ಸಿಕ್ಕಿಬಿದ್ದರೆ ಔಟ್ ಎನ್ನಿ. ಸೋತರೆ ಎಲ್ಲ ಹುಡುಗಿಯರ ಜೊತೆ ಅತ್ತುಕೊಂಡು ಬಸ್ಸು ಹತ್ತಲಿ. ಒಬ್ಬಳೇ ಗೆದ್ದು ಮನೆಗೆ ಬರುವುದು ಅವಳಿಗೆ ಸಾಕಾಗಿದೆ.

ಇಂತಿ,
ಪ್ರಥಮ ಬಹುಮಾನ ವಿಜೇತೆಯ ತಾಯಿ,
ಮಮತಾ
ರಾಮನಗರ ತಾಲ್ಲೂಕು