ಬಸ್ಸಿಗಿಂತ ಮೊದಲು ಬಂದವಳ ಹೆಸರು

ಆರು ಮೈಲಿ ಓಟಕ್ಕೆ ತೀರ್ಪು ಕೊಟ್ಟ ಮಾನ್ಯರೇ,

ಹೋದ ತಿಂಗಳು, ಅಂದರೆ ೧೯೬೧ರ ಗಣರಾಜ್ಯ ದಿನದಂದು, ಹೊಸನಗರದ ಮೈದಾನದಲ್ಲಿ ತಾವು ನನ್ನ ಹೆಂಡತಿ ಬಂಗಾರಮ್ಮನನ್ನು ಬಸ್ಸಿನಲ್ಲಿ ಬಂದವಳೆಂದು ಸಾರಿ, ಗೆದ್ದ ಓಟದಿಂದ ಅವಳ ಹೆಸರು ಹೊಡೆದುಹಾಕಿದಿರಿ. ಹುಂಚದ ದರ್ಜಿಯಾದ ನಾನು ಈವರೆಗೆ ಯಾವ ಅಧಿಕಾರಿಯೊಡನೆಯೂ ವಾದಕ್ಕಿಳಿದವನಲ್ಲ. ಆದರೆ ಮೂರು ವಾರದಿಂದ ಸಂತೋಷವೂ ಸಿಟ್ಟೂ ಒಟ್ಟಿಗೇ ಉಕ್ಕಿ, ಎರಡು ಅಂಗಿಗಳಿಗೆ ತೋಳು ತಿರುಗಾಮುರುಗಾ ಹೊಲಿದಿದ್ದೇನೆ. ಮೂರನೆಯದು ಹಾಳಾಗುವ ಮೊದಲು ಬರೆದುಬಿಡುತ್ತೇನೆ.

ಬಂಗಾರಮ್ಮನಿಗೆ ನಾಲ್ಕು ವರ್ಷವಿದ್ದಾಗ ಜ್ವರ ಬಂದು ಎಡಗಾಲು ಸೊರಗಿತ್ತು. ಅವಳ ತಾಯಿ ದುಗ್ಗಮ್ಮ ದಿನಾ ಎಣ್ಣೆ ತಿಕ್ಕಿ, ಗದ್ದೆಯಂಚಿನಲ್ಲಿ ಕೈ ಹಿಡಿದು ನಡೆಸಿ, ಹತ್ತನೇ ವಯಸ್ಸಿಗೆ ಆ ಕಾಲನ್ನು ನೆಲಕ್ಕೆ ಊರಿಸಿದರು. ಮದುವೆಯಾದ ಮೇಲೆ ನಾನು ಹೊಲಿದ ಬಟ್ಟೆಯನ್ನು ಊರೂರಿಗೆ ಮುಟ್ಟಿಸುತ್ತಿದ್ದವಳು ಅವಳೇ. ನಡಿಗೆ ಚುರುಕು, ಆದರೆ ಓಡಿದವಳಲ್ಲ.

ಹೋದ ಸೆಪ್ಟೆಂಬರಿನಲ್ಲಿ ರೋಮ್ ಒಲಿಂಪಿಕ್ಸಿನ ಸುದ್ದಿಯನ್ನು ಪತ್ರಿಕೆಯಿಂದ ಅವಳಿಗೆ ಓದಿ ಹೇಳಿದೆ. ಅಬೆಬೆ ಬಿಕಿಲಾ ಎಂಬ ಇಥಿಯೋಪಿಯಾದ ಸಿಪಾಯಿ ಇಪ್ಪತ್ತಾರು ಮೈಲಿಯನ್ನು ಬರಿಗಾಲಲ್ಲಿ ಓಡಿ ಗೆದ್ದಿದ್ದ. ಅಮೆರಿಕದ ವಿಲ್ಮಾ ರುಡಾಲ್ಫ್ ಎಂಬ ಹುಡುಗಿ ಎಳವೆಯಲ್ಲಿ ಪೋಲಿಯೊ ಬಂದು ಕಾಲಿಗೆ ಕಬ್ಬಿಣದ ಆಸರೆ ಕಟ್ಟಿಕೊಂಡಿದ್ದವಳು. ಈಗ ಓಟದಲ್ಲಿ ಮೂರು ಚಿನ್ನದ ಪದಕ ಕೊರಳಿಗೆ ಹಾಕಿಕೊಂಡಿದ್ದಳು.

"ಕಾಲಿಗೆ ಕಬ್ಬಿಣ ಕಟ್ಟಿದ್ರಂತಾ?"

"ಹೌದು, ಹಾಗಂತ ಬರ್ದಿದಾರೆ."

"ಇನ್ನೊಂದ್ಸಲ ಓದಿ."

ನಾಲ್ಕು ಸಲ ಓದಿಸಿದಳು. ಮರುದಿನ ಬೆಳಗ್ಗೆ ಸೀರೆಯನ್ನು ಕಚ್ಚೆ ಹಾಕಿ ರಸ್ತೆಯಲ್ಲಿ ಓಡತೊಡಗಿದಳು. ಪಕ್ಕದ ಮನೆಯ ಬೆಳ್ಳಪ್ಪ ಚೊಂಬು ಬಿಟ್ಟು ಎದ್ದು, "ಬಂಗಾರಕ್ಕಾ, ಹುಲಿ ಬಂತಾ?" ಎಂದು ಕೂಗಿದ.

"ಇಲ್ಲ ಬೆಳ್ಳಪ್ಪಾ, ರೋಮಿಗೆ ಹೋಗಿ ಬರ್ತೀನಿ!"

ನಾಲ್ಕು ತಿಂಗಳು ಹೀಗೇ ನಡೆಯಿತು. ಆಗ ತಮ್ಮ ಪ್ರಕಟಣೆ ಬಂತು: "ಹದಿನೆಂಟು ತುಂಬಿದ ಯಾರು ಬೇಕಾದರೂ ಭಾಗವಹಿಸಬಹುದು." ಮಾನ್ಯರೇ, 'ಯಾರು ಬೇಕಾದರೂ' ಎಂಬುದು ತಮ್ಮದೇ ಮಾತಲ್ಲವೇ? ಅದರೊಳಗೆ ಹೆಂಗಸರು ಇಲ್ಲವೆಂದು ಯಾವ ವ್ಯಾಕರಣದಲ್ಲಿ ಬರೆದಿದೆ?

ಹದಿಮೂರು ಗಂಡಸರನ್ನೂ ಇವಳೊಬ್ಬಳನ್ನೂ ಲಾರಿಯಲ್ಲಿ ಆರನೇ ಮೈಲಿಗಲ್ಲಿಗೆ ಒಯ್ದು ಬಿಟ್ಟರು. ನಾನು ಮೈದಾನದಲ್ಲಿ ಕಾದೆ. ದೂರದಲ್ಲಿ ಧೂಳು ಕಂಡಿತು. ಧೂಳಿನೊಳಗಿಂದ ಕೆಂಪು ಸೀರೆ ಹೊರಬಂತು, ಅದರ ಹಿಂದೆ ಯಾರೂ ಇಲ್ಲ! ನಾನು ಕುಣಿದೆ. ಪಕ್ಕದಲ್ಲಿದ್ದ, ಗುರುತೇ ಇಲ್ಲದ ಹಿರಿಯರೊಬ್ಬರನ್ನು ತಬ್ಬಿಕೊಂಡೆ. ಅವರೂ ಕುಣಿದರು, ಯಾಕೆಂದು ಆಮೇಲೆ ಕೇಳಿದರು.

ತಾವು ಮಾತ್ರ ಗಡಿಯಾರ ನೋಡಿ ಮುಖ ಗಂಟಿಕ್ಕಿ, "ಈಯಮ್ಮ ಬಸ್ಸಲ್ಲಿ ಬಂದಿರ್ಬೇಕು" ಎಂದಿರಿ. ಬಹುಮಾನದ ಬಟ್ಟಲನ್ನು ಎರಡನೆಯವನಾಗಿ ಬಂದ ವೆಂಕಟ್ರಮಣನ ಕೈಗಿತ್ತಿರಿ. ರೋಮಿನಲ್ಲಿಯೂ ತಾವೇ ತೀರ್ಪುಗಾರರಾಗಿದ್ದರೆ, ಆ ಸಿಪಾಯಿ ಎತ್ತಿನ ಗಾಡಿಯಲ್ಲಿ ಬಂದನೆಂದು ತೀರ್ಮಾನವಾಗುತ್ತಿತ್ತೇನೋ!

ಮುಕ್ಕಾಲು ಗಂಟೆಯ ನಂತರ ಆ ಬಸ್ಸೂ ಬಂತು. ಮುಂದೆ ಹೊಗೆ, ಹಿಂದೆ ತಳ್ಳುವ ಪ್ರಯಾಣಿಕರು. ಕಂಡಕ್ಟರ್ ಮಾಸ್ತಪ್ಪ ಬೆವರೊರೆಸಿಕೊಂಡು ತಮ್ಮೆದುರಿಗೇ ಹೇಳಿದ: "ಸ್ವಾಮಿ, ಗಾಡಿ ಮೂರ್ನೇ ಮೈಲಿಲಿ ಕೆಟ್ಟು ನಿಂತಿತ್ತು. ಈ ಅಕ್ಕ ನಮ್ಮನ್ನ ದಾಟ್ಕೊಂಡು ಓಡ್ತಾ ಇದ್ರು. ಸ್ವಲ್ಪ ತಳ್ಳಿ ಹೋಗಿ ಅಂತ ಕೂಗ್ದೆ, ತಿರುಗಿ ಸಮೇತ ನೋಡ್ಲಿಲ್ಲ!"

ಮೈದಾನವೆಲ್ಲ ನಕ್ಕಿತು. ತಾವು ನಗಲಿಲ್ಲ. "ರಿಜಿಸ್ಟರಿನಲ್ಲಿ ಬರೆದಾಗಿದೆ" ಎಂದು ಜೀಪು ಹತ್ತಿದಿರಿ. ಬಂಗಾರಮ್ಮ ಮನೆಗೆ ಬಂದು ಎಡಗಾಲನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಳು. ನನ್ನ ಕುಣಿತ ನಿಂತಿದ್ದು ಆಗಲೇ.

ನಾಲ್ಕು ದಿನದ ಮೇಲೆ ವೆಂಕಟ್ರಮಣ ಬಟ್ಟಲು ಹಿಡಿದು ನಮ್ಮ ಬಾಗಿಲಿಗೆ ಬಂದ. "ಅಕ್ಕಾ, ಆರು ಮೈಲೀನೂ ನಿಮ್ಮ ಹಿಂದೇನೇ ಓಡ್ದೆ. ಮೊದ್ಲು ಹಿಮ್ಮಡಿ ಕಾಣ್ತಿತ್ತು, ಕೊನೆಗೆ ಅದೂ ಕಾಣ್ಲಿಲ್ಲ. ಇದು ನಂದಲ್ಲ."

"ನೀನೂ ಚೆನ್ನಾಗೇ ಓಡಿದೀಯ ತಮ್ಮಾ, ಇಟ್ಕೋ. ನಂಗೆ ಬಟ್ಟಲು ಬೇಡ, ಆ ಪುಸ್ತಕದಲ್ಲಿ ನನ್ನ ಹೆಸ್ರು ಬೇಕು" ಎಂದಳು. ಅವನಿಗೆ ಕಾಫಿ ಕೊಟ್ಟು, ಓಡುವಾಗ ಉಸಿರು ಹೇಗೆ ಬಿಡಬೇಕೆಂದು ಒಂದು ಗಂಟೆ ಪಾಠ ಹೇಳಿದಳು.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ರಿಜಿಸ್ಟರು ತೆರೆದು, ಮೊದಲ ಸಾಲಿನಲ್ಲಿ 'ಬಂಗಾರಮ್ಮ, ಹುಂಚ' ಎಂದು ಮಸಿಯಲ್ಲಿ ಬರೆಯಿರಿ. ಅನುಮಾನವಿದ್ದರೆ ಓಟ ಮತ್ತೆ ಇಡಿ, ತಾವು ಸೈಕಲ್ಲಿನಲ್ಲಿ ಅವಳ ಜೊತೆಗೇ ಬನ್ನಿ; ಉಸಿರಿನ ಪಾಠ ತಮಗೂ ಸಿಗುತ್ತದೆ. ಹಾಗೆಯೇ ಮುಂದಿನ ವರ್ಷಕ್ಕೆ ಹನ್ನೊಂದು ಅರ್ಜಿ ನಮೂನೆಗಳನ್ನು ಈಗಲೇ ಕಳಿಸಿ. ಪುಷ್ಪಮ್ಮ, ಹುಲಿಗೆಮ್ಮ, ಅರವತ್ತು ದಾಟಿದ ನನ್ನ ಅತ್ತೆ ದುಗ್ಗಮ್ಮ ಸೇರಿ ಹನ್ನೊಂದು ಮಂದಿ ದಿನಾ ಬೆಳಗ್ಗೆ ರಸ್ತೆಯಲ್ಲಿದ್ದಾರೆ. ಲಾರಿ ಮಾತ್ರ ದೊಡ್ಡದು ನೋಡಿ.

ಇಂತಿ,
ಹೆಂಡತಿ ಮುಂದೆ, ಅತ್ತೆ ಅವಳ ಹಿಂದೆ, ತಾನು ಎಲ್ಲರಿಗಿಂತ ಹಿಂದೆ ಏದುಸಿರು ಬಿಡುತ್ತಿರುವ
ಗೋಪಾಲಪ್ಪ, ದರ್ಜಿ, ಹುಂಚ